ಕಿವಿ ತೆರೆಯದ ಬಂದೂಕು

ಬೆಟ್ಟಕ್ಕೆ ಇನ್ನೂ ಯಾರೂ ಮೆಟ್ಟಿಲು ಕಡಿಯದಿದ್ದ ಕಾಲ. ಬೆಟ್ಟದ ತುದಿಯಲ್ಲಿ ಒಬ್ಬ ರಾಜ, ರಾಜನ ಹತ್ತಿರ ಒಂದು ಬಂದೂಕು. ಆ ಬಂದೂಕಿಗೆ ಕಿವಿ ಕೇಳಿಸುತ್ತಿತ್ತು. ಹಗೆಯವನ ಹೆಸರನ್ನು ಅದರ ಕಿವಿಯಲ್ಲಿ ಒಂದು ಸಲ ಉಸುರಿದರೆ ಸಾಕು, ಏಳು ಕೆರೆ ದಾಟಿ ಅಡಗಿದವನನ್ನೂ ಗುಂಡು ಹುಡುಕಿಕೊಂಡು ಹೋಗುತ್ತಿತ್ತು. ಕೆಲಸವಿಲ್ಲದಾಗ ಅದು ಮಲಗಿ ನಿದ್ದೆ ಮಾಡುತ್ತಿತ್ತು. ಮಲಗಿದಾಗ ಅದರ ಕಿವಿಗೆ ಸೂಜಿ ಹಾಕಬಾರದು. ಹಾಕಿದರೆ ಎದ್ದುಬಿಡುತ್ತದೆ, ಎದ್ದರೆ ಸೂಜಿ ಹಾಕಿದವರ ಹೆಸರನ್ನೇ ಕೇಳಿಸಿಕೊಳ್ಳುತ್ತದೆ. ಇಂಥದ್ದನ್ನು ಯಾರಾದರೂ ಕದ್ದರೆ ಏನು ಗತಿ ಎಂದು ರಾಜನಿಗೆ ಚಿಂತೆ ಹತ್ತಿತು. ಇದರಂಥದೇ ಇನ್ನೊಂದು ಮಾಡು ಎಂದು ಕಮ್ಮಾರನಿಗೆ ಹೇಳಿದ. ಕಮ್ಮಾರ ಮಾಡಿದ. ಎರಡನ್ನೂ ಪಕ್ಕಪಕ್ಕ ಇಟ್ಟಾಗ ರಾಜನಿಗೇ ಯಾವುದು ಯಾವುದೆಂದು ತಿಳಿಯದೆ ಹೋಯಿತು. ಆಗ ರಾಜ ಏನು ಮಾಡಿದ?

ಏನು ಮಾಡಿದನೆಂದು ಮಧುಶ್ರೀಗೆ ಇವತ್ತಿಗೂ ಗೊತ್ತಿಲ್ಲ. ಕಥೆ ಅಲ್ಲಿಗೆ ಬರುವ ಹೊತ್ತಿಗೆ ಸರಿಯಾಗಿ ಅಜ್ಜಿ ರಾಜಲಕ್ಷ್ಮಮ್ಮನಿಗೆ ನಿದ್ದೆ ಬಂದುಬಿಡುತ್ತಿತ್ತು. ಬೆಳಿಗ್ಗೆ ಎದ್ದು, ಆಮೇಲೇನಾಯ್ತಜ್ಜಿ ಎಂದರೆ, "ಹಗಲೊತ್ತು ಕಥೆ ಹೇಳುದ್ರೆ ಸೋದರಮಾವ ದಾರಿ ತಪ್ತಾನೆ ಕಣೆ, ಹೋಗತ್ಲಾಗೆ" ಎಂದು ಒಲೆ ಊದಲು ಕೂತುಬಿಡುತ್ತಿದ್ದಳು. ಮಧುಶ್ರೀಗಿದ್ದ ಒಬ್ಬನೇ ಸೋದರಮಾವ ಕೊರಟಗೆರೆ ಬಸ್‌ಸ್ಟ್ಯಾಂಡಿನಲ್ಲಿ ಬಸ್ಸು ಬಂದುಹೋಗುವ ಹೊತ್ತು ಬರೆದುಕೊಳ್ಳುತ್ತಿದ್ದವನು, ಕೂತ ಕುರ್ಚಿಯಿಂದ ಏಳುತ್ತಲೇ ಇರಲಿಲ್ಲ. ಆದರೂ ಅವಳು ಹೆದರಿ ಸುಮ್ಮನಾಗುತ್ತಿದ್ದಳು. ಸುಮ್ಮನಾಗುವುದು ಆಗಿನಿಂದಲೇ ರೂಢಿಯಾಗಿರಬೇಕು. ಈಗ, ಮೂವತ್ತನಾಲ್ಕನೆಯ ವಯಸ್ಸಿನಲ್ಲಿ, ಮಧುಗಿರಿಯಿಂದ ಶಿರಾಕ್ಕೆ ಹೊರಟ ಖಾಸಗಿ ಬಸ್ಸಿನ ಕಿಟಕಿಯ ಪಕ್ಕ ಕೂತು, ಹಿಂದೆ ಸರಿಯುತ್ತಿದ್ದ ಬೆಟ್ಟದ ಒಂಟಿ ಬಂಡೆಯನ್ನು ಅವಳು ಬೇಕೆಂದೇ ನೋಡುತ್ತಿದ್ದಳು. ಬಂಡೆ ನೋಡದಿದ್ದರೆ ಪಕ್ಕದ ಸೀಟಿನ ಕಾನ್‌ಸ್ಟೇಬಲ್ ಅನಿಲ್ ಕುಮಾರನ ಎರಡು ಮೊಣಕಾಲುಗಳ ನಡುವೆ ನಿಂತಿದ್ದ ಬಿಳಿ ಬಟ್ಟೆಯ ಗಂಟನ್ನು ನೋಡಬೇಕಾಗುತ್ತಿತ್ತು. ಗಂಟಿನ ತಲೆಗೆ ದಾರ ಬಿಗಿದು ಕೆಂಪು ಅರಗಿನ ಮೊಹರು ಒತ್ತಿದ್ದರು. ಬಸ್ಸು ಕುಲುಕಿದಾಗಲೆಲ್ಲ ಅದು ಅವಳ ಕಡೆಗೆ ವಾಲುತ್ತಿತ್ತು, ಅನಿಲ್ ಕುಮಾರ ಅದರ ಕತ್ತು ಹಿಡಿದು ತನ್ನ ಕಡೆಗೆ ಎಳೆದುಕೊಳ್ಳುತ್ತಿದ್ದ.

"ಏನ್ ಸಾರ್ ಅದು, ಲಗೇಜಾ?" ಎಂದ ಕಂಡಕ್ಟರ್.

"ಬಂದೂಕು."

"ಅಂಗಾರೆ ಟಿಕೇಟ್ ಬ್ಯಾಡ ಬುಡಿ. ಕಿಟಕಿ ಸೀಟ್ ಬೇಕಾ ಕೇಳಿ ಅದ್ನ."

ಮುಂದಿನ ಸೀಟಿನಲ್ಲಿ ಕಡಲೆಕಾಯಿ ಚೀಲದ ಮೇಲೆ ಕಾಲಿಟ್ಟುಕೊಂಡು ಕೂತಿದ್ದ ಮುದುಕಿಯೊಬ್ಬಳು ತಿರುಗಿ ನೋಡಿ, ದನಿ ಇಳಿಸಿ ಕೇಳಿದಳು: "ಯಾರ್ದಪ್ಪಾ ಮಗ? ಬಿಳೀ ಬಟ್ಟೆ ಸುತ್ತಿದ್ದೀಯ."

"ಹೆಣ ಅಲ್ಲ ಕಣಜ್ಜಿ. ಕೋರ್ಟಿನ ಸಾಕ್ಷಿ."

"ಸಾಕ್ಷೀನೂ ಅಂಗೇ ಸುತ್ತುತಾರಾ," ಎಂದು ಮುದುಕಿ ಮುಂದಕ್ಕೆ ತಿರುಗಿಕೊಂಡಳು. ಅನಿಲ್ ಕುಮಾರ ನಕ್ಕ. ಮಧುಶ್ರೀಗೆ ನಗು ಬರಲಿಲ್ಲ. ನಗದಿದ್ದುದಕ್ಕೆ ಅವನು ತನ್ನನ್ನು ಜಂಬದವಳು ಅಂದುಕೊಂಡಾನು ಎನ್ನಿಸಿ, ತಡವಾಗಿ ಒಂದಿಷ್ಟು ತುಟಿ ಅಗಲಿಸಿದಳು. ಅವನು ಆಗಲೇ ಫೋನು ನೋಡುತ್ತಿದ್ದ.

ನಾಲ್ಕು ವರ್ಷದ ಹಿಂದೆ ಆ ಗಂಟಿನೊಳಗಿನದನ್ನು ಮೊದಲ ಸಲ ನೋಡಿದಾಗ ಅದರ ಮೇಲೆ ಬಟ್ಟೆಯಿರಲಿಲ್ಲ. ತುಮಕೂರಿನ ಸರ್ಕಾರಿ ಕಚೇರಿಯಲ್ಲಿ ಅವಳದು ಹಳೆಯ ವಸ್ತುಗಳ ಕಾಲ ಗೊತ್ತುಮಾಡಿ ಬೆಲೆ ಬರೆದುಕೊಡುವ ಕೆಲಸ. ತಜ್ಞೆ ಎಂಬ ಫಲಕವಿದ್ದರೂ ಒಂಬತ್ತು ವರ್ಷದಿಂದ ಗುತ್ತಿಗೆಯ ಮೇಲೆ. ಹೆದ್ದಾರಿಯಲ್ಲಿ ರೆಸಾರ್ಟು ನಡೆಸುವ ಪ್ರಭುದೇವ್ ಅದನ್ನು ತಂದು, "ಶೋಕೇಸಿಗೆ ಅಂತ ತಗೊಂಡೆ, ಹಳೇದೇನೋ ಅನ್ನಿಸ್ತು, ನೋಡಿ ಮೇಡಂ" ಎಂದು ಮೇಜಿನ ಮೇಲೆ ಉದ್ದಕ್ಕೆ ಮಲಗಿಸಿದ್ದ. ಬಾಯಿಂದ ಮದ್ದು ತುಂಬಿ, ಬತ್ತಿಯಿಂದ ಬೆಂಕಿ ಕೊಡುವ ಕಾಲದ್ದು. ನಳಿಕೆಯ ಬಾಯಿ ಹುಲಿಯ ಬಾಯಿ. ಕಬ್ಬಿಣದ ಮೇಲೆ ಬೆಳ್ಳಿಯ ತಂತಿ ಬಡಿದು ಕೂರಿಸಿದ ಬಳ್ಳಿ, ಬಳ್ಳಿಯ ತುಂಬ ಗಿಳಿ. ಒಂದು ಗಿಳಿಯಂತೆ ಇನ್ನೊಂದಿಲ್ಲ. ಬುಡದ ಹತ್ತಿರದ ಒಂದು ಕತ್ತು ಹಿಂದಕ್ಕೆ ತಿರುಗಿಸಿ, ಬಾರದೆ ಉಳಿದ ಯಾರನ್ನೋ ನೋಡುತ್ತಿತ್ತು. ಮರದ ಹಿಡಿ ಒಂದು ಕಡೆ ಸೀಳಿತ್ತು, ಸೀಳಿಗೆ ಹಿತ್ತಾಳೆಯ ಪಟ್ಟಿ ಸುತ್ತಿ ಮೂರು ಮೊಳೆ ಬಡಿದಿದ್ದರು, ಮೂರನೆಯದು ಸೊಟ್ಟಗೆ. ಹಿಡಿಯ ಪಕ್ಕದಲ್ಲಿ ಹೆಬ್ಬೆರಳು ಊರುವ ಜಾಗ ಸವೆದು ಸಣ್ಣ ಹಳ್ಳವಾಗಿತ್ತು. ಮಧುಶ್ರೀ ತನ್ನ ಹೆಬ್ಬೆರಳನ್ನು ಅಲ್ಲಿ ಇಟ್ಟಳು. ಸರಿಯಾಗಿ ಕೂತಿತು. ಕೂತ ಕೂಡಲೇ ಅವಳಿಗೆ ಅವನು ಕಂಡ: ಬೆಟ್ಟದ ಮೇಲಿನ ಕಾವಲಿನವನು, ಸಣ್ಣ ಕೈಯವನು, ಇನ್ನೂ ಮೀಸೆ ಬಲಿಯದವನು. ಕೆಳಗೆ ದಂಡು ಬಂದು ಇಳಿದಿದೆ. ಭಯಕ್ಕೆ ಅವನು ಹೆಬ್ಬೆರಳಿನಿಂದ ಮರವನ್ನು ಉಜ್ಜುತ್ತಲೇ ಇದ್ದಾನೆ, ವರ್ಷಗಟ್ಟಲೆ. ಅವಳ ಕಣ್ಣು ತುಂಬಿಬಂದಿತ್ತು. ಪ್ರಭುದೇವ್ ಎದುರಿಗಿದ್ದುದರಿಂದ ಧೂಳಿನ ನೆಪ ಹೇಳಿದ್ದಳು. ನಳಿಕೆಯ ಬುಡದಲ್ಲಿ ಬೆಂಕಿ ಒಳಗೆ ಹೋಗುವ ತೂತು ಇರುತ್ತದೆ, ಅದಕ್ಕೆ ಕಿವಿ ಎನ್ನುತ್ತಾರೆ. ಅದು ಮಸಿ ಕಟ್ಟಿ ಮುಚ್ಚಿತ್ತು. ಪೆಟ್ಟಿಗೆಯಿಂದ ಸೂಜಿ ತೆಗೆದಳು, ಕಿವಿಯ ಹತ್ತಿರ ಒಯ್ದಳು, ಮತ್ತೆ ಪೆಟ್ಟಿಗೆಗೆ ಹಾಕಿದಳು. ನಿದ್ದೆ ಮಾಡುತ್ತಿದೆ, ಮಾಡಲಿ. ಹಾಗೆಂದು ಅಂದುಕೊಳ್ಳಲಿಲ್ಲ; ಕೈ ತಾನಾಗಿ ಹಾಗೆ ಮಾಡಿತು. ವರದಿಯಲ್ಲಿ ಸುಮಾರು ಇನ್ನೂರೈವತ್ತು ವರ್ಷ ಎಂದು ಬರೆದಳು. ಮಾಡಿದವರು: ಅಜ್ಞಾತ. ಕೊನೆಗೆ ಒಂದು ಸಾಲು ಸೇರಿಸಿದಳು: 'ನಕಲು ಮಾಡುವವನು ಗಾಯವನ್ನು ನಕಲು ಮಾಡುವುದಿಲ್ಲ.' ಆ ಸಾಲು ಅವಳಿಗೆ ಬಹಳ ಹಿಡಿಸಿತ್ತು. ಒಂದು ಪತ್ರಿಕೆ ಬಂದೂಕಿನ ಫೋಟೊದ ಕೆಳಗೆ ಅದನ್ನೇ ದಪ್ಪಕ್ಷರದಲ್ಲಿ ಹಾಕಿತು. ಅಮ್ಮ ಅದನ್ನು ಕತ್ತರಿಸಿ, ಲ್ಯಾಮಿನೇಷನ್ ಮಾಡಿಸಿ, ಕೊರಟಗೆರೆಯ ಮನೆಯಲ್ಲಿ ಕ್ಯಾಲೆಂಡರಿನ ಪಕ್ಕ ತೂಗುಹಾಕಿದಳು. ಇವತ್ತು ಬೆಳಿಗ್ಗೆ ಕಾಫಿ ಕುಡಿಯುವಾಗಲೂ ಅದು ಫ್ಯಾನಿನ ಗಾಳಿಗೆ ಗೋಡೆಯನ್ನು ತಟ್ಟುತ್ತಿತ್ತು.

ಆ ಫೋಟೊ ನೋಡಿಯೇ ಮದಲೂರಿನ ಹಳೇ ಮನೆತನದ ರಂಗಯ್ಯ ಎಂಬವರು, ಇದು ನಮ್ಮ ಅಟ್ಟದಿಂದ ಕಾಣೆಯಾದ ತಾತನ ಕಾಲದ ಬಂದೂಕು, ಅದೇ ಪಟ್ಟಿ, ಅದೇ ಸೊಟ್ಟ ಮೊಳೆ ಎಂದು ದೂರು ಕೊಟ್ಟರು. ಎಲ್ಲಿಂದ ತಂದೆ ಎಂದು ಪ್ರಭುದೇವನನ್ನು ಕೇಳಿದರು. ಶಿರಾದ ಬುಡನ್ ಸಾಬ್ ಎಂಬ ಕುಶಲಕರ್ಮಿಯಿಂದ ಎಂದ. ಬುಡನ್ ಸಾಬರನ್ನು ಕೇಳಿದರು. ಕದ್ದಿಲ್ಲ, ನಾನೇ ಮಾಡಿದ್ದು, ಹಳೇ ಬಂದೂಕುಗಳ ಥರದ್ದು ಮಾಡೋದೇ ನಮ್ಮ ಮನೆ ಕೆಲಸ, ಎಂದರು. ಠಾಣೆಯವರು ಮಧುಶ್ರೀಯ ವರದಿ ತೆಗೆದು ಮೇಜಿನ ಮೇಲಿಟ್ಟರಂತೆ. ಇನ್ನೂರೈವತ್ತು ವರ್ಷದ್ದನ್ನು ನೀನು ಹೆಂಗಯ್ಯಾ ಮಾಡಿದೆ?

ಬಸ್ಸು ಒಂದು ಊರಿನ ಅರಳೀಕಟ್ಟೆಯ ಹತ್ತಿರ ನಿಂತು, ಯಾರೂ ಹತ್ತದೆ, ಮತ್ತೆ ಹೊರಟಿತು. ಬ್ಯಾಗಿನೊಳಗೆ ಫೋನು ನಡುಗಿತು. ಮೇಲಿನ ಅಧಿಕಾರಿ ಸರ್ವಮಂಗಳಾ. "ಹೊರಟ್ಯಾ? ನೋಡು ಮಧು, ನಿನ್ನ ಕಾಯಂ ಫೈಲು ಇದೇ ತಿಂಗಳು ಮೇಲೆ ಹೋಗುತ್ತೆ. ನಿನ್ನ ಕಾಗದಕ್ಕೆ ನೀನೇ ಉಲ್ಟಾ ಬರೀಬೇಡ ಕಣೆ. ಹಳೇದು ಅಂತಾನೂ ಬೇಡ, ಹೊಸದು ಅಂತಾನೂ ಬೇಡ. 'ಖಚಿತವಾಗಿ ಹೇಳಲು ಸಾಧ್ಯವಿಲ್ಲ.' ಟೈಪ್ ಮಾಡಿಸಿ ಕೊಟ್ಟಿದ್ದೀನಲ್ಲ, ಸೈನ್ ಹಾಕಿ ಬಾ." ಹೂಂ ಎಂದಳು. ಆ ಟೈಪಾದ ಹಾಳೆ ಬ್ಯಾಗಿನಲ್ಲೇ ಇತ್ತು, ಊಟದ ಡಬ್ಬಿಗೂ ಲೆನ್ಸಿನ ಪೆಟ್ಟಿಗೆಗೂ ನಡುವೆ. ಖುದ್ದಾಗಿ ಎರಡನೆಯ ಸಲ ಪರೀಕ್ಷಿಸಿ, ಆರೋಪಿಯ ಮನೆಯಲ್ಲಿರುವ ಬೇರೆ ಕೆಲಸಗಳೊಂದಿಗೆ ಹೋಲಿಸಿ ಬರೆಯಿರಿ ಎಂದು ಕೋರ್ಟು ಕೇಳಿತ್ತು. ಖಚಿತವಾಗಿ ಹೇಳಲು ಸಾಧ್ಯವಿಲ್ಲ ಎಂದರೆ ಮೊದಲಿನ ಕಾಗದವೇ ನಿಲ್ಲುತ್ತದೆ, ಮುದುಕನ ಮೇಲಿನ ಕಳ್ಳತನವೂ ನಿಲ್ಲುತ್ತದೆ, ಅವಳ ಕೈ ಮಾತ್ರ ಒದ್ದೆಯಾಗುವುದಿಲ್ಲ. ಎಷ್ಟು ಅನುಕೂಲವಾದ ಸಾಲು ಅದು. ಅದರಲ್ಲಿ ಸುಳ್ಳೇ ಇಲ್ಲದಂತೆ ಕಾಣುತ್ತದೆ.

ಆದರೆ ತನ್ನ ಮೊದಲ ಕಾಗದ ತಪ್ಪೆಂದು ಅವಳಿಗೆ ಗೊತ್ತಿತ್ತು. ಎಂದಿನಿಂದ ಗೊತ್ತಿತ್ತೆಂದು ಕೇಳಿದರೆ ಹೇಳಲಾರಳು. ಅಖ್ತರ್ ಬೇಗಂ ತುಮಕೂರಿನ ಕಚೇರಿಗೆ ಬಂದ ದಿನದಿಂದಲೋ ಏನೋ. ಬುಡನ್ ಸಾಬರ ಹೆಂಡತಿ, ಕಪ್ಪು ಬುರ್ಖಾ, ಮುಖ ಬಿಟ್ಟುಕೊಂಡಿದ್ದಳು, ಕೈಯಲ್ಲಿ ಪ್ಲಾಸ್ಟಿಕ್ ಬುಟ್ಟಿ. ಹೊರಗೆ ಪಡಸಾಲೆಯ ಬೆಂಚಿನ ಮೇಲೆ ಬೆಳಿಗ್ಗೆ ಹತ್ತಕ್ಕೆ ಕೂತವಳು. "ಒಂದೇ ಒಂದು ಲೈನು ಬರ್ದುಕೊಡಿ ಅಮ್ಮ. ಅದು ಅವರು ಮಾಡಿದ್ದು ಅಂತ. ಅವರನ್ನ ಸ್ಟೇಷನ್‌ನಾಗೆ ಎರಡು ದಿನ ಬೆಂಚಿನ ಮೇಲೆ ಕೂರಿಸಿದ್ರು. ಸುತ್ತಿಗೆ, ಉಳಿ ಎಲ್ಲ ತಗೊಂಡೋದ್ರು." ನೋಡಿ ಬರೆದುಕೊಡುತ್ತೇನೆ, ಮಧ್ಯಾಹ್ನ ಆಗಲಿ, ಎಂದು ಮಾತು ಕೊಟ್ಟಿದ್ದಳು ಮಧುಶ್ರೀ. ಮಧ್ಯಾಹ್ನವಾಯಿತು. ಸಂಜೆ ಐದಾಯಿತು. ಅಖ್ತರ್ ಬೇಗಂ ಬೆಂಚಿನ ಮೇಲೆಯೇ ಇದ್ದಳು, ಬುಟ್ಟಿಯ ಡಬ್ಬಿ ಬಿಚ್ಚಿರಲಿಲ್ಲ. ಮಧುಶ್ರೀ ಕೋಣೆಯಿಂದ ಕೋಣೆಗೆ ದಾಟಿ, ಹಳೇ ಕುರ್ಚಿಗಳ ರಾಶಿಯ ಪಕ್ಕದಿಂದ ಹಿಂದಿನ ಗೇಟಿಗೆ ಹೋದಳು. ಗೇಟಿನ ಹತ್ತಿರ ಚಪ್ಪಲಿಯ ಉಂಗುಷ್ಟ ಕಿತ್ತುಹೋಯಿತು. ಒಂದು ಚಪ್ಪಲಿ ಕಾಲಿಗೆ, ಇನ್ನೊಂದು ಕೈಯಲ್ಲಿ. ಕುಂಟುತ್ತಾ ಆಟೋ ಹತ್ತಿದಳು. ಯಾರೂ ನೋಡಲಿಲ್ಲ ಎಂದು ನಾಲ್ಕು ವರ್ಷದಿಂದ ತನಗೆ ತಾನೇ ಹೇಳಿಕೊಳ್ಳುತ್ತಿದ್ದಾಳೆ.

ಅದಾದ ಮೂರು ವಾರಕ್ಕೆ ಠಾಣೆಯಿಂದ ಒಂದು ಪತ್ರ. 'ಆರೋಪಿಯು ಸದರಿ ಬಂದೂಕಿನ ಕಿವಿಯನ್ನು ತಾನು ಕೊರೆದೇ ಇಲ್ಲವೆಂದು, ಅದು ಹೊಸದೆನ್ನಲು ಅದೇ ಗುರುತೆಂದು ಹೇಳುತ್ತಿದ್ದಾನೆ, ಪರಿಶೀಲಿಸಿ ತಿಳಿಸುವುದು.' ಹೋಗಿ ಒಂದು ಸೂಜಿ ಹಾಕಿ ನೋಡಿದರೆ ಆಗುತ್ತಿತ್ತು. ಜಪ್ತಿಯಾದ ಬಂದೂಕು ಇದ್ದ ಮಧುಗಿರಿ ಏನು ಸಮುದ್ರದಾಚೆ ಇರಲಿಲ್ಲ. ಅವಳು ಹೋಗಲಿಲ್ಲ. ಕೂತಲ್ಲಿಂದಲೇ ಬರೆದಳು: 'ಕಿವಿಯು ತುಕ್ಕು ಮತ್ತು ಮಸಿಯಿಂದ ಮುಚ್ಚಿಕೊಂಡಿರುವುದು ಪ್ರಾಚೀನತೆಯ ಸಹಜ ಲಕ್ಷಣವಾಗಿರುತ್ತದೆ.' ಎಷ್ಟು ಚೆನ್ನಾದ ಕನ್ನಡ. ಮೊದಲ ಸಲ ಸೂಜಿ ಹಾಕದಿದ್ದುದು ಅಜ್ಜಿಯ ಮಾತಿಗೆ ಹೆದರಿ. ಎರಡನೆಯ ಸಲ ತನ್ನ ಮಾತಿಗೆ ಹೆದರಿ. ಮೊದಲನೆಯದನ್ನು ಯಾರಾದರೂ ಕ್ಷಮಿಸಿಯಾರು.

ಶಿರಾದ ಹಳೇ ಪೇಟೆಯ ಹಿಂದಿನ ಗಲ್ಲಿಯಲ್ಲಿ ಮನೆ. ಅನಿಲ್ ಕುಮಾರ ಮುಂದೆ, ಗಂಟು ಹೆಗಲ ಮೇಲೆ, ಅವಳು ಹಿಂದೆ. ಬಾಗಿಲಿಗೆ ಹಸಿರು ಪರದೆ, ಪಕ್ಕಕ್ಕೆ ತಗಡಿನ ಮಾಡಿನ ಕುಲುಮೆ. ಅಖ್ತರ್ ಬೇಗಂ ಪರದೆ ಸರಿಸಿದಳು. ಕೂದಲು ಪೂರ್ತಿ ಬೆಳ್ಳಗಾಗಿತ್ತು. "ಬನ್ನಿ ಅಮ್ಮ. ಬಿಸ್ಲು ಜಾಸ್ತಿ." ಮಧುಶ್ರೀ ಹೊಸಿಲಿನ ಹೊರಗೆ ಬಗ್ಗಿ ಚಪ್ಪಲಿ ಬಿಡುತ್ತಿದ್ದಾಗ ಮೇಲಿನಿಂದ ಅದೇ ಮೆತ್ತನೆಯ ದನಿ ಬಂತು: "ಆವತ್ತು ಕಿತ್ತೋಯ್ತಲ್ಲ, ಹೊಲಿಸ್ಕೊಂಡ್ರಾ?"

ಬಗ್ಗಿದವಳು ಎದ್ದೇಳಲು ಹೊತ್ತು ಹಿಡಿಯಿತು. ಚಪ್ಪಲಿಯ ಬಕಲ್ ಬಿಚ್ಚಿಯೇ ಇದ್ದರೂ ಅದನ್ನು ಇನ್ನೊಮ್ಮೆ ಬಿಚ್ಚಿದಳು. "ಹೂಂ," ಎಂದಳು, ಯಾವ ಚಪ್ಪಲಿ ಎಂದು ಕೇಳುವ ಸುಳ್ಳಿಗೂ ಶಕ್ತಿಯಿಲ್ಲದೆ. ಅಖ್ತರ್ ಬೇಗಂ ಆಗಲೇ ನೀರು ತರಲು ಒಳಗೆ ಹೋಗಿದ್ದಳು.

ಕುಲುಮೆಯಲ್ಲಿ ಏನೂ ಇರಲಿಲ್ಲ. ಕಬ್ಬಿಣ ಇಟ್ಟು ಬಡಿಯುವ, ನೆಲದಲ್ಲಿ ಹೂತ ಅಡಿಗಲ್ಲು ಒಂದು ಉಳಿದಿತ್ತು, ಪೊಲೀಸರು ಕೀಳಲಾಗದೆ ಬಿಟ್ಟುಹೋಗಿದ್ದರು. ಅದರ ಪಕ್ಕ ಚಾಪೆಯ ಮೇಲೆ ಬುಡನ್ ಸಾಬ್, ಎರಡೂ ಕಣ್ಣಿಗೆ ಹಾಲಿನಂಥ ಪೊರೆ. ಮುಂದೆ ನಾಲ್ಕಾರು ಪ್ರೆಶರ್ ಕುಕ್ಕರು, ಹಿಡಿಯಿಲ್ಲದವು.

"ಬಂದ್ರಾ ಅಮ್ಮ," ಎಂದರು, ದನಿಯಲ್ಲಿ ಸಿಟ್ಟಿರಲಿಲ್ಲ, ಸಂತೋಷವೂ ಇರಲಿಲ್ಲ. "ಈಗ ಇದೇ ಕೆಲ್ಸ. ಕುಕ್ಕರಿಗೆ ಹಿಡಿ ಹಾಕೋದು. ಇದೂ ಸಿಡಿಯೋ ಸಾಮಾನೇ ಅಲ್ವಾ."

"ಸಾಬ್ರೇ, ಬೇರೆ ಬಂದೂಕು ಏನಾದ್ರೂ ಅದಾವಾ? ಹೋಲಿಸಿ ನೋಡ್ಬೇಕಂತೆ," ಎಂದ ಅನಿಲ್ ಕುಮಾರ.

"ಎಲ್ಲಿವಪ್ಪಾ. ಎಲ್ಲಾ ನಿಮ್ಮ ಹತ್ರಾನೇ ಇವೆ. ಒಂದು ಕಾಗದ ಐತೆ."

ಕಾಗದ ಟ್ರಂಕಿನ ತಳದಲ್ಲಿತ್ತು. ಅಖ್ತರ್ ಬೇಗಂ ಅದನ್ನು ನೆಲದ ಮೇಲೆ ಉದ್ದಕ್ಕೆ ಬಿಡಿಸಿ, ನಾಲ್ಕು ಮೂಲೆಗೆ ನಾಲ್ಕು ಕುಕ್ಕರ್ ಮುಚ್ಚಳ ಇಟ್ಟಳು. ಮದಲೂರಿನ ಬಂದೂಕನ್ನು ಇಪ್ಪತ್ತು ವರ್ಷದ ಹಿಂದೆ ರಂಗಯ್ಯನವರ ಮನೆಯಲ್ಲೇ ಕೂತು, ಕಾಗದದ ಮೇಲಿಟ್ಟು ಗೆರೆ ಎಳೆದುಕೊಂಡದ್ದು. ಗಿಳಿ, ಬಳ್ಳಿ, ಪಟ್ಟಿ, ಮೂರು ಮೊಳೆ. ಮೂರನೆಯ ಮೊಳೆಯ ಪಕ್ಕ ಉರ್ದುವಿನಲ್ಲಿ ಏನೋ ಬರೆದಿತ್ತು. "ಇದೂ ಸೊಟ್ಟಗೇ ಹೊಡೀಬೇಕು ಅಂತ," ಎಂದರು ಬುಡನ್ ಸಾಬ್, ಅವಳು ಎಲ್ಲಿ ನೋಡುತ್ತಿದ್ದಾಳೆಂದು ಉಸಿರಿನಿಂದಲೇ ತಿಳಿದವರಂತೆ. "ಇದನ್ನ ತೋರಿಸ್ದೆ ಸ್ಟೇಷನ್‌ನಾಗೆ. ಓಹೋ, ಆವಾಗ್ಲೇ ಕಣ್ಣು ಹಾಕಿದ್ದೀಯ ಅಂದ್ರು."

"ಗಾಯ ಯಾಕೆ ಮಾಡಿದಿರಿ ಸಾಬ್ರೇ?" ಎಂದಳು ಮಧುಶ್ರೀ. ಕೇಳಿದ ಮೇಲೆ, ಅದು ಜಗಳಕ್ಕೆ ಬಂದವರ ಪ್ರಶ್ನೆಯಂತಿದೆ ಎನ್ನಿಸಿತು. "ಹೊಸದು ಮಾಡುವವರು ಸೀಳಿಲ್ಲದೆ ಮಾಡಬಹುದಿತ್ತಲ್ಲ."

"ನಮ್ಮ ಮನೇಲಿ ಅಂಗಿಲ್ಲಮ್ಮ. ಹಳೇ ಕೈ ಏನ್ ಮಾಡಿತ್ತೋ ಅದೆಲ್ಲಾ ಮಾಡ್ಬೇಕು. ಅವರ ತಪ್ಪನ್ನೂ ಬುಡಂಗಿಲ್ಲ. ತಿದ್ದೋಕೆ ನಾನ್ಯಾರು? ನಿಮ್ಮ ಕಾಗದ ಅಲ್ಲಿ ಓದಿದ್ರು. ನಕಲು ಮಾಡೋನು ಗಾಯ ನಕಲು ಮಾಡಲ್ಲ ಅಂತ. ಚೆನ್ನಾಗ್ ಬರ್ದಿದ್ರಿ. ಮೊದ್ಲು ನಗು ಬಂತು. ಎರಡನೇ ದಿನ ಬೆಂಚಿನ ಮೇಲೆ ಕೂತು ಕೂತು ನಂಗೇ ಅನುಮಾನ ಬಂತು. ಓದ್ದೋರು, ಲೆನ್ಸ್ ಹಾಕಿ ನೋಡಿ ಬರ್ದವ್ರೆ. ನಾನೇ ಏನಾರ ಮರ್ತು, ಮದಲೂರಿಂದ ಎತ್ಕೊಂಡು ಬಂದ್ಬುಟ್ನಾ ಅಂತ."

ಅನಿಲ್ ಕುಮಾರ ಅರಗು ಒಡೆದು ಬಟ್ಟೆ ಬಿಚ್ಚಿದ. ಹುಲಿಯ ಬಾಯಿ ಮೊದಲು ಬಂತು, ಆಮೇಲೆ ಗಿಳಿಗಳು, ಕಡೆಗೆ ಹಿಂದಕ್ಕೆ ನೋಡುವ ಗಿಳಿ. ಬೆಳ್ಳಿ ಕಪ್ಪಾಗಿತ್ತು. ಮುದುಕರು ಕೈ ಚಾಚಿದರು. ಕೊಡಬಹುದೇ ಎಂದು ಅನಿಲ್ ಕುಮಾರ ಅವಳ ಮುಖ ನೋಡಿದ, ಅವಳು ಬೇರೆ ಕಡೆ ನೋಡಿದಳು, ಅವನು ಕೊಟ್ಟ. ಬುಡನ್ ಸಾಬ್ ಅದನ್ನು ತೊಡೆಯ ಮೇಲೆ ಮಲಗಿಸಿಕೊಂಡು ಬಾಯಿಂದ ಬುಡದವರೆಗೆ ಒಂದು ಸಲ ಬೆರಳಾಡಿಸಿದರು. "ಎಣ್ಣೆ ಕಂಡಿಲ್ಲ ನಾಲ್ಕು ವರ್ಷ," ಎಂದರಷ್ಟೆ. ಹಿಡಿಯ ಹಳ್ಳದ ಹತ್ತಿರ ಬೆರಳು ನಿಂತಿತು. "ಇದು ಇವಳದು."

"ಏನು?" ಎಂದಳು ಮಧುಶ್ರೀ.

"ಈ ಸವೆತ. ಹಳೇದ್ರಲ್ಲಿ ಇತ್ತು, ಇದ್ರಲ್ಲೂ ಬೇಕಲ್ಲ. ಉಳೀಲಿ ಕೆತ್ತುದ್ರೆ ಸುಳ್ಳಾಗುತ್ತೆ. ಇವಳು ಇಟ್ಟಿಗೆ ಪುಡಿ, ನೀರು ಹಚ್ಕೊಂಡು ಹೆಬ್ಬೆಟ್ಟಲ್ಲಿ ಉಜ್ಜಿದ್ಲು. ನಲವತ್ತು ದಿನ. ಇದೊಂದಕ್ಕೇ ಅಲ್ಲ, ಮೂವತ್ತು ವರ್ಷದಿಂದ ನಾನು ಮಾಡಿದ್ದಕ್ಕೆಲ್ಲಾ ಇವಳೇ ಉಜ್ಜಿರೋದು. ನನ್ನ ಬೆರಳು ದಪ್ಪ, ಬರಲ್ಲ."

"ಅನ್ನಕ್ಕಿಟ್ಟು ಉಜ್ತಾ ಇದ್ದೆ," ಎಂದಳು ಅಖ್ತರ್ ಬೇಗಂ ಬಾಗಿಲಿಗೆ ಒರಗಿ. "ಒಂದಿನ ಅನ್ನ ಸೀದೋಯ್ತು. ಬೈದ್ರು. ಇನ್ನೊಂದಿನ ಉಜ್ಜಲ್ಲ ಹೋಗಿ ಅಂದೆ. ಆಮೇಲೆ ಇವರೇ ಅನ್ನ ಮಾಡಿದ್ರು."

"ಅದು ಅನ್ನಾನೇ ಅಲ್ಲ ಬುಡು," ಎಂದರು ಮುದುಕರು.

ಬೆಟ್ಟದ ಮೇಲಿನ ಕಾವಲಿನವನು ಮೆಲ್ಲಗೆ ಎದ್ದು ಹೋದ. ಮೀಸೆ ಬಲಿಯದ ಆ ಮುಖ, ಕೆಳಗೆ ಇಳಿದಿದ್ದ ದಂಡು, ಭಯ, ಎಲ್ಲವೂ ಅವನ ಹಿಂದೆಯೇ. ಅವನಿದ್ದ ಜಾಗದಲ್ಲಿ ಒಲೆಯ ಮುಂದೆ ಕೂತ ಹೆಂಗಸೊಬ್ಬಳು, ಅನ್ನ ಕುದಿಯುವ ಸದ್ದಿಗೆ ಒಂದು ಕಿವಿ ಕೊಟ್ಟು, ಮರದ ತುಂಡನ್ನು ಉಜ್ಜುತ್ತಿದ್ದಳು. ಮಧುಶ್ರೀಗೆ ಮೊದಲು ಬಂದದ್ದು ನಾಚಿಕೆಯಲ್ಲ, ದುಃಖ, ಅವನು ಹೋದನಲ್ಲ ಎಂದು. ಎದುರಿಗಿದ್ದವರ ನಾಲ್ಕು ವರ್ಷಕ್ಕೆ ಬಾರದ ದುಃಖ ಎಂದೂ ಇಲ್ಲದವನಿಗಾಗಿ ಬಂತಲ್ಲ ಎಂಬುದು ಹೊಳೆದ ಮೇಲೆ ನಾಚಿಕೆ ಬಂತು. ಅವಳಿಗೆ ಬಹಳ ಆಯಾಸವಾಯಿತು. ಈ ಚಾಪೆಯ ಮೇಲೆ ಹೀಗೇ ಅಡ್ಡಾಗಿ, ಯಾರಾದರೂ ಮುಂದಿನದನ್ನು ಹೇಳಲಿ ಎಂದು ಕಣ್ಣು ಮುಚ್ಚಿಬಿಡುವಷ್ಟು.

"ಒಂದು ಸೂಜಿ ಇದೆಯಾ?" ಎಂದಳು. ಅವಳ ಪೆಟ್ಟಿಗೆಯಲ್ಲೇ ಸೂಜಿಯಿತ್ತು. ಅದನ್ನು ಮುಟ್ಟಲು ಮನಸ್ಸಾಗಲಿಲ್ಲ.

ಅಖ್ತರ್ ಬೇಗಂ ಕೌದಿ ಹೊಲಿಯುವ ದಪ್ಪ ಸೂಜಿ ತಂದಳು. ಅನಿಲ್ ಕುಮಾರ ಒಂದು ಹೆಜ್ಜೆ ಹಿಂದೆ ಸರಿದ. "ಮದ್ದು ಗಿದ್ದು ಇಲ್ಲ ತಾನೇ ಮೇಡಂ?" ಮಧುಶ್ರೀ ಮಂಡಿಯೂರಿ, ಮುದುಕರ ತೊಡೆಯ ಮೇಲಿದ್ದಂತೆಯೇ ಬಂದೂಕಿನ ಕಿವಿಗೆ ಸೂಜಿಯ ತುದಿ ಇಟ್ಟಳು. ಕೈ ನಿಂತಿತು. ನಗು ಬರುವಂಥದು: ಎಂ.ಎ. ಮಾಡಿದವಳು, ಒಂಬತ್ತು ವರ್ಷದ ತಜ್ಞೆ, ಸೂಜಿಯೊಂದಕ್ಕೆ ಹೆದರುತ್ತಿದ್ದಾಳೆ. "ಯಾಕಮ್ಮ?" ಎಂದರು ಬುಡನ್ ಸಾಬ್.

"ನಮ್ಮಜ್ಜಿ ಹೇಳುತ್ತಿದ್ದರು. ಕಿವಿಗೆ ಸೂಜಿ ಹಾಕಬಾರದು, ಎದ್ದುಬಿಡುತ್ತೆ ಅಂತ."

ಮುದುಕರ ಮುಖದಲ್ಲಿ ಆವತ್ತು ಮೊದಲ ಸಲ ಏನೋ ಸಡಿಲಾಯಿತು. "ಯಾವೂರು ನಿಮ್ಮಜ್ಜಿ?"

"ಕೊರಟಗೆರೆ."

"ಅಲ್ಲೀವರ್ಗೂ ಹೋಗಿತ್ತಾ. ಅದು ನಮ್ಮೋರೇ ಕಟ್ಟಿದ ಮಾತಮ್ಮ. ನಕಲಿಗೆ ಕಿವಿ ಕೊರಿಬಾರ್ದು ಅಂತ ನಮ್ಮ ಉಸ್ತಾದರ ಕಾಲದಿಂದ ಕಟ್ಟಳೆ. ಅರ್ಧ ಕೊರೆದು ನಿಲ್ಲಿಸೋದು, ಮೇಲೆ ಮಸಿ ಮೇಣ ತುಂಬೋದು. ಯಾರ ಕೈಗೆ ಹೋದ್ರೂ ಕೊಲ್ಲಬಾರ್ದಲ್ಲ. ಆದ್ರೆ ತಗೊಳ್ಳೋರು ಸೂಜಿ ಹಾಕಿ ನೋಡಿದ್ರೆ ಅಯ್ಯೋ ಕಿವುಡು ಅಂತ ವಾಪಸ್ ತರ್ತಾರೆ. ಅದ್ಕೇ ಹೆದರ್ಸೋಕೆ ಹಬ್ಬಿಸಿದ್ದು. ಹಾಕಿ ನೀವು, ಏನೂ ಏಳಲ್ಲ."

ಹಾಕಿದಳು. ಮೇಣ ಮೆತ್ತಗೆ ಬಿರಿಯಿತು, ಮಸಿ ಉದುರಿತು, ಸೂಜಿ ಒಂದು ಗೋಧಿಕಾಳಿನಷ್ಟು ಒಳಗೆ ಹೋಗಿ ನಿಂತಿತು. ಟಿಕ್. ತುಕ್ಕಿಗೆ ತಾಗಿದ ಸದ್ದಲ್ಲ, ಗಟ್ಟಿ ಕಬ್ಬಿಣದ್ದು. ಬುಡನ್ ಸಾಬ್ ತಲೆ ವಾಲಿಸಿ ಆ ಸದ್ದನ್ನು ಕೇಳಿಸಿಕೊಂಡರು. ಅವಳು ಲೆನ್ಸ್ ಇಟ್ಟು, ಫೋನಿನ ಟಾರ್ಚ್ ಹಿಡಿದು ಒಳಗೆ ನೋಡಿದಳು. ತಳದಲ್ಲಿ ಸೂಜಿ ಗೀರಿದ ಜಾಗ ಬೆಳ್ಳಗೆ ಹೊಳೆಯುತ್ತಿತ್ತು, ಸುತ್ತ ಕೊರೆಯುವ ಬೈರಿಗೆಯ ಉಂಗುರ ಉಂಗುರ ಗುರುತು ಹಾಗೇ ಇತ್ತು. ಬೆಂಕಿಯ ಕಲೆಯಿಲ್ಲ. ಈ ಬಂದೂಕು ಹುಟ್ಟಿದಂದಿನಿಂದ ಒಂದು ಕಿಡಿಯನ್ನೂ ಕಂಡಿರಲಿಲ್ಲ. ನೋಡಲು ಒಂದು ನಿಮಿಷವೂ ಹಿಡಿಯಲಿಲ್ಲ. ಅನಿಲ್ ಕುಮಾರನೂ ಬಗ್ಗಿ ನೋಡಿ, "ಇಷ್ಟೇನಾ?" ಎಂದ. ಅವನು ತಮಾಷೆಗೆ ಹೇಳಿದ್ದಲ್ಲ.

"ಸಾಬ್ರೇ," ಎಂದಳು ಮಧುಶ್ರೀ. ಕ್ಷಮಿಸಿ ಎನ್ನಬೇಕೆಂದು ಬಾಯಿ ತೆರೆದಿದ್ದಳು. ಬಂದದ್ದು ಬೇರೆ: "ನಮ್ಮಜ್ಜಿಯ ಕಥೆಯಲ್ಲಿ ಎರಡು ಬಂದೂಕು ಪಕ್ಕಪಕ್ಕ ಇಡುತ್ತಾರೆ. ರಾಜನಿಗೆ ಯಾವುದು ನಕಲು ಅಂತ ಗೊತ್ತಾಗುವುದಿಲ್ಲ. ಆಮೇಲೆ ಏನು ಮಾಡಿದ ಅಂತ ಹೇಳುವ ಮೊದಲೇ ಅಜ್ಜಿಗೆ ನಿದ್ದೆ ಬಂದುಬಿಡುತ್ತಿತ್ತು."

"ಏನ್ ಮಾಡ್ತಾನಮ್ಮ. ಕಮ್ಮಾರನ್ನ ಕೇಳ್ದ. ಅವನು ಹೇಳ್ದ."

"ಆಮೇಲೆ?"

"ರಾಜ ನಂಬಿದ. ಅಷ್ಟೇ ಕಥೆ. ಅದ್ಕೇ ನಿಮ್ಮಜ್ಜಿ ನಿದ್ದೆ ಮಾಡಿರೋದು."

ಅನಿಲ್ ಕುಮಾರ ಕುಕ್ಕರುಗಳನ್ನು ಸರಿಸಿ ಅಡಿಗಲ್ಲಿನ ಮೇಲೆ ಒಂದು ರಟ್ಟು ಇಟ್ಟುಕೊಟ್ಟ. ಅವಳು ಬ್ಯಾಗು ತೆರೆದಳು. ಟೈಪಾದ ಹಾಳೆ ಮೇಲೆಯೇ ಇತ್ತು, ಕೆಳಗೆ ಸಹಿಗೆ ಜಾಗ ಬಿಟ್ಟು. ಆ ಖಾಲಿ ಜಾಗ ಎಷ್ಟು ಹಿತವಾಗಿ ಕಂಡಿತೆಂದರೆ, ಅವಳು ಅದನ್ನು ಸ್ವಲ್ಪ ಹೊತ್ತು ನೋಡುತ್ತಲೇ ಇದ್ದಳು. ಸರ್ವಮಂಗಳಾ ಕೆಟ್ಟವಳಲ್ಲ. ಅಮ್ಮ ಅಕ್ಕಪಕ್ಕದವರಿಗೆಲ್ಲ ಕಾಯಂ ಆಯಿತೆಂದು ಮೊದಲೇ ಹೇಳಿಬಿಟ್ಟಿದ್ದಾಳೆ. ಗೋಡೆಯ ಮೇಲಿನ ಆ ಕಾಗದವನ್ನು ಇಳಿಸುವಾಗ ಏನೆಂದು ಹೇಳುವುದು. ಒಳಗೆ ಅಖ್ತರ್ ಬೇಗಂ ಸ್ಟವ್ ಹಚ್ಚುತ್ತಿದ್ದ ಸದ್ದು. ಈ ಸಲವೂ ಹಿಂದಿನ ಬಾಗಿಲು ಇರಬಹುದೇ ಎಂದು ಅವಳ ಕಣ್ಣು ತಾನಾಗಿ ಹುಡುಕಿತು. ಕುಲುಮೆಗೆ ಒಂದೇ ಬಾಗಿಲು. ಟೈಪಾದ ಹಾಳೆಯನ್ನು ಎರಡಾಗಿ ಮಡಿಸಿ ರಟ್ಟಿನ ಕೆಳಗೆ, ರಟ್ಟು ಅಲುಗಾಡದಂತೆ ತುರುಕಿದಳು. ರಟ್ಟು ಅಲುಗಾಡುತ್ತಿರಲಿಲ್ಲ. ಬಿಳಿ ಹಾಳೆ ತೆಗೆದು ಬರೆಯತೊಡಗಿದಳು.

ಅಕ್ಷರಗಳು ವಾಲುತ್ತಿದ್ದವು. ಕಿವಿ ಕೊರೆದಿಲ್ಲ, ಎಂದೂ ಸಿಡಿದಿಲ್ಲ. ಇದು ಮದಲೂರಿನ ಬಂದೂಕಲ್ಲ, ಅದನ್ನು ನೋಡಿ ಮಾಡಿದ ಹೊಸ ಬಂದೂಕು. ಠಾಣೆಯ ಪತ್ರಕ್ಕೆ ಹಿಂದೆ ಕೊಟ್ಟ ಉತ್ತರವನ್ನು ನಾನು ಬಂದೂಕು ನೋಡದೆಯೇ ಬರೆದೆ. ಅನಿಲ್ ಕುಮಾರ ಹೆಗಲ ಮೇಲಿನಿಂದ ಓದುತ್ತಿದ್ದವನು, "ಮೇಡಂ, ಈ ಕಡೇ ಲೈನ್ ಯಾರೂ ಕೇಳಿಲ್ವಲ್ಲ, ಬೇಕಾ?" ಎಂದ. ಅವಳು ಮುಂದಿನ ಸಾಲಿಗೆ ಹೋದಳು. ಬೆಲೆ: ಹೊಸ ಕೆಲಸಕ್ಕೆ ಸಲ್ಲುವುದು. ಮಾಡಿದವರು:

"ಪೂರ್ತಿ ಹೆಸರು ಹೇಳಿ ಸಾಬ್ರೇ."

"ಬುಡನ್ ಸಾಬ್ ಅಂತ ಬರೀರಿ, ಸಾಕು. ಶಿರಾ." ಹಿಡಿಯ ಹಳ್ಳವನ್ನು ಮತ್ತೊಮ್ಮೆ ಮುಟ್ಟಿ, "ಹೆಬ್ಬೆಟ್ಟಿಗೆ ಇವಳ ಹೆಸರೂ ಹಾಕಿ," ಎಂದರು.

ಹಾಕಿದಳು. ಪರೀಕ್ಷೆ ಎದುರಿಗೇ ನಡೆಯಿತೆಂಬುದಕ್ಕೆ ಮನೆಯವರಲ್ಲಿ ಒಬ್ಬರ ಗುರುತು ಬೇಕೆಂದು ಅನಿಲ್ ಕುಮಾರ ಸ್ಟಾಂಪ್ ಪ್ಯಾಡ್ ತೆಗೆದ. ಅಖ್ತರ್ ಬೇಗಂ ಸೆರಗಿಗೆ ಕೈ ಒರೆಸಿಕೊಂಡು ಬಂದಳು. ಎಡಗೈ ಎಂದು ಅವನು ಹೇಳುವಷ್ಟರಲ್ಲಿ ಬಲಗೈ ಚಾಚಿದ್ದಳು. ಹೆಬ್ಬೆರಳನ್ನು ನೀಲಿಯಲ್ಲಿ ಅದ್ದಿ, ಹಾಳೆಯ ಮೇಲೆ ಊರಿ, ಎತ್ತಿದಳು. ಒಂದು ನೀಲಿ ಮೊಟ್ಟೆ. ಗೆರೆ ಇಲ್ಲ, ಸುಳಿ ಇಲ್ಲ, ನುಣ್ಣಗೆ, ಬರೀ ಬಣ್ಣ.

"ಗೆರೆನೇ ಬಂದಿಲ್ವಲ್ಲಮ್ಮ. ಇನ್ನೊಂದ್ಸಲ ಒತ್ತಿ."

"ಎಷ್ಟ್ ಸಲ ಒತ್ತಿದ್ರೂ ಅಷ್ಟೇಪ್ಪ. ರೇಷನ್ ಅಂಗಡಿ ಮಿಷಿನ್ನೂ ನೀನು ಯಾರೋ ಗೊತ್ತಿಲ್ಲ ಅನ್ನುತ್ತೆ. ಉಜ್ಜಿ ಉಜ್ಜಿ ಹೋಗೈತೆ."

"ಹಿಂಗಾದ್ರೆ ಹೆಂಗ್ ಮೇಡಂ? ಇದು ಇವರದೇ ಅಂತ ನಾಳೆ ಕೋರ್ಟಲ್ಲಿ ಯಾರು ಹೇಳ್ತಾರೆ?"

ಮಧುಶ್ರೀ ಹಾಳೆಯನ್ನು ತನ್ನ ಕಡೆ ತಿರುಗಿಸಿಕೊಂಡಳು. ನೀಲಿ ಇನ್ನೂ ಹಸಿಯಿತ್ತು. ಅದರ ಪಕ್ಕದಲ್ಲಿ, ಈ ಸಲ ಅಕ್ಷರ ವಾಲದಂತೆ, ಇದು ಅಖ್ತರ್ ಬೇಗಂ ಅವರ ಬಲಗೈ ಹೆಬ್ಬೆಟ್ಟು, ನಾನು ಕಣ್ಣಾರೆ ನೋಡಿದ್ದೇನೆ, ಎಂದು ಬರೆದು, ಸಹಿ ಹಾಕಿದಳು.